ಸೈನ್ಯ ವಾಪಸ್ ಹೋಗಬೇಕಾದರೆ ಇದಕ್ಕೆ ಒಪ್ಪಿ: ಕ್ಯೂಬಾದ ಸಂವಿಧಾನಕ್ಕೆ ಅಮೆರಿಕ ಹಾಕಿಸಿದ ಎಂಟು ಷರತ್ತು

1901ರ ಜೂನ್ 12ರಂದು ಹವಾನಾದಲ್ಲಿ ಕ್ಯೂಬಾದ ಸಂವಿಧಾನ ಸಭೆ ಒಂದು ವಿಷಯವನ್ನು ಮತಕ್ಕೆ ಹಾಕಿತು. ಪರವಾಗಿ 16 ಮತ, ವಿರುದ್ಧ 11. ಸಂವಿಧಾನವನ್ನು ಬರೆದು, ಸಹಿ ಹಾಕಿ ಆಗಲೇ ಸುಮಾರು ನಾಲ್ಕು ತಿಂಗಳಾಗಿತ್ತು. ಈಗಿನ ಮತದಾನ ಬೇರೆಯದಕ್ಕೆ. ವಾಷಿಂಗ್ಟನ್‌ನಲ್ಲಿ ತಯಾರಾದ ಎಂಟು ಷರತ್ತುಗಳನ್ನು ಒಂದಕ್ಷರವೂ ಬದಲಿಸದೆ ಆ ಸಂವಿಧಾನಕ್ಕೆ ಅನುಬಂಧವಾಗಿ ಸೇರಿಸಬೇಕೇ ಬೇಡವೇ ಅನ್ನುವುದಕ್ಕೆ.

ಸೇರಿಸಿದರು. ಸೇರಿಸದಿದ್ದರೆ ಅಮೆರಿಕದ ಸೈನ್ಯ ದ್ವೀಪ ಬಿಟ್ಟು ಹೋಗುತ್ತಿರಲಿಲ್ಲ.

ಒಂದು ದೇಶದ ಸಂವಿಧಾನದಲ್ಲಿ ಹೊರಗಿನವರ ಕೈವಾಡ ಅಂದ ಕೂಡಲೇ ಹೆಚ್ಚಿನವರಿಗೆ ಜಪಾನ್ ನೆನಪಾಗುತ್ತದೆ. 1946ರ ಫೆಬ್ರವರಿಯಲ್ಲಿ, ಯುದ್ಧದಲ್ಲಿ ಸೋತ ಜಪಾನಿನ ಆಡಳಿತ ನೋಡಿಕೊಳ್ಳುತ್ತಿದ್ದ ಅಮೆರಿಕದ ಜನರಲ್ ಮೆಕಾರ್ಥರ್ ಕಚೇರಿಯ ಅಧಿಕಾರಿಗಳು ಹೆಚ್ಚುಕಡಿಮೆ ಒಂದೇ ವಾರದಲ್ಲಿ ಪೂರ್ತಿ ಕರಡನ್ನೇ ಬರೆದುಬಿಟ್ಟರು. ಅದಕ್ಕೆ ಹೋಲಿಸಿದರೆ ಕ್ಯೂಬಾದಲ್ಲಿ ಅವರು ಬರೆದದ್ದು ತೀರಾ ಕಡಿಮೆ. ಆದರೂ ಜಪಾನಿನ ಸಂವಿಧಾನ ಇವತ್ತಿಗೂ ಒಂದು ತಿದ್ದುಪಡಿಯೂ ಇಲ್ಲದೆ ನಡೆಯುತ್ತಿದೆ. ಕ್ಯೂಬಾದ ಆ ಎಂಟು ಷರತ್ತುಗಳು ಮೂವತ್ತಮೂರು ವರ್ಷ ಅಲ್ಲಿನ ರಾಜಕೀಯವನ್ನು ಕೆಡಿಸಿದವು. ಹಾಗಾಗಿ ಬರೆದವರು ಯಾರು ಅನ್ನುವ ಪ್ರಶ್ನೆ ಹಿಡಿದು ಹೊರಟರೆ ಜಾಸ್ತಿ ದೂರ ಹೋಗಲಾಗುವುದಿಲ್ಲ. ಬರೆದದ್ದರಿಂದ ಯಾರ ಕೈಗೆ ಏನು ಅಧಿಕಾರ ಹೋಯಿತು ಎಂದು ನೋಡಬೇಕು. ಅದಕ್ಕೆ ಕ್ಯೂಬಾಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಕೊಟ್ಟ ಮಾತು, ಬಂದ ಸೈನ್ಯ

ಸ್ಪೇನ್ ವಿರುದ್ಧ ಕ್ಯೂಬನ್ನರು 1868ರಿಂದ ಹತ್ತು ವರ್ಷ ಹೋರಾಡಿ ಸೋತಿದ್ದರು. 1895ರಲ್ಲಿ ಮತ್ತೆ ಎದ್ದರು. ಮೂರು ವರ್ಷದ ಆ ಯುದ್ಧದಲ್ಲಿ ಕಬ್ಬಿನ ಗದ್ದೆ, ಸಕ್ಕರೆ ಗಿರಣಿಗಳು ಸುಟ್ಟುಹೋದವು. 1898ರ ಫೆಬ್ರವರಿಯಲ್ಲಿ ಹವಾನಾ ಬಂದರಿನಲ್ಲಿ ಅಮೆರಿಕದ ಮೇನ್ ಹಡಗು ಸ್ಫೋಟಗೊಂಡಿತು. ಏಪ್ರಿಲ್‌ನಲ್ಲಿ ಅಮೆರಿಕ ಯುದ್ಧಕ್ಕಿಳಿಯಿತು. ಇಳಿಯುವಾಗ ಅದರ ಕಾಂಗ್ರೆಸ್ ಒಂದು ಮಾತು ಕೊಟ್ಟಿತು. ಟೆಲ್ಲರ್ ಎಂಬ ಸೆನೆಟರ್ ಸೇರಿಸಿದ ಆ ಸಾಲಿನ ಪ್ರಕಾರ ದ್ವೀಪದ ಮೇಲೆ ಅಮೆರಿಕಕ್ಕೆ ಒಡೆತನದ ಆಸೆ ಇಲ್ಲ, ಶಾಂತಿ ನೆಲೆಸಿದ ಮೇಲೆ ಆಡಳಿತವನ್ನು ಅಲ್ಲಿನ ಜನಕ್ಕೇ ಬಿಟ್ಟುಕೊಡುತ್ತದೆ.

ಕೆಲವೇ ತಿಂಗಳಲ್ಲಿ ಸ್ಪೇನ್ ಸೋತಿತು. 1898ರ ಡಿಸೆಂಬರ್‌ನಲ್ಲಿ ಪ್ಯಾರಿಸ್ ಒಪ್ಪಂದ ಆಯಿತು. ಆ ಮೇಜಿನ ಸುತ್ತ ಒಬ್ಬ ಕ್ಯೂಬನ್ ಕೂಡ ಇರಲಿಲ್ಲ. 1899ರ ಜನವರಿ 1ರಿಂದ ದ್ವೀಪದಲ್ಲಿ ಅಮೆರಿಕದ ಮಿಲಿಟರಿ ಆಡಳಿತ ಶುರುವಾಯಿತು.

ಆ ವರ್ಷವೇ ಇನ್ನೊಂದು ಕೆಲಸವೂ ನಡೆಯಿತು. ಇತಿಹಾಸ ಹೇಳುವಾಗ ಇದನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ, ಆದರೆ ಮುಂದಿನ ಕಥೆಗೆ ಇದು ಬಹಳ ಮುಖ್ಯ. ಕ್ಯೂಬಾದ ವಿಮೋಚನಾ ಸೈನ್ಯವನ್ನು ವಿಸರ್ಜಿಸಿದರು. ಅಮೆರಿಕ ಇದಕ್ಕೆಂದು 30 ಲಕ್ಷ ಡಾಲರ್ ಇಟ್ಟಿತು. ಬಂದೂಕು ಒಪ್ಪಿಸಿದ ಸೈನಿಕನಿಗೆ 75 ಡಾಲರ್. ವರ್ಷಗಟ್ಟಲೆ ಕಾಡಿನಲ್ಲಿ ಹಸಿದಿದ್ದವರು ದುಡ್ಡು ತೆಗೆದುಕೊಂಡು ಮನೆಗೆ ಹೋದರು. ತಪ್ಪೇನಿಲ್ಲ. ಆದರೆ ಮುಂದೆ ಸಂವಿಧಾನ ಸಭೆ ಕೂತಾಗ ಅದರ ಬೆನ್ನಿಗೆ ಯಾವ ಬಲವೂ ಉಳಿದಿರಲಿಲ್ಲ.

ನಾಟಕಶಾಲೆಯಲ್ಲಿ ಸಭೆ

ಮಿಲಿಟರಿ ಗವರ್ನರ್ ಲಿಯೊನಾರ್ಡ್ ವುಡ್ 1900ರ ಜುಲೈನಲ್ಲಿ ಸಂವಿಧಾನ ಸಭೆಯ ಚುನಾವಣೆಗೆ ಆದೇಶ ಹೊರಡಿಸಿದ. ಆ ಆದೇಶದಲ್ಲೇ ಕಿತಾಪತಿ ಇತ್ತು. ಸಭೆ ಸಂವಿಧಾನ ಬರೆಯಬೇಕು, ಅದರ ಭಾಗವಾಗಿಯೇ ಅಮೆರಿಕದ ಜೊತೆಗಿನ ಸಂಬಂಧ ಹೇಗಿರಬೇಕು ಎಂದು ಅಮೆರಿಕದ ಜೊತೆ ಮಾತಾಡಿ ತೀರ್ಮಾನಿಸಬೇಕು ಅಂತ. ಕ್ಯೂಬನ್ನರು ತಕರಾರು ತೆಗೆದರು. ಬೇರೆ ದೇಶದ ಜೊತೆಗಿನ ಸಂಬಂಧವನ್ನು ಒಪ್ಪಂದದಲ್ಲಿ ಬರೆಯುತ್ತಾರೆ, ಸಂವಿಧಾನದಲ್ಲಿ ಬರೆಯುತ್ತಾರೆಯೇ? ವುಡ್ ಸ್ವಲ್ಪ ಹಿಂದೆ ಸರಿದ. ನವೆಂಬರ್ 5ರಂದು ಹವಾನಾದ ಮಾರ್ತಿ ನಾಟಕಶಾಲೆಯಲ್ಲಿ ಸಭೆ ಶುರುವಾದಾಗ, ಮೊದಲು ಸಂವಿಧಾನ ಬರೆಯಿರಿ, ಸಂಬಂಧದ ಬಗ್ಗೆ ನಿಮ್ಮ ಅಭಿಪ್ರಾಯ ಆಮೇಲೆ ಹೇಳಿ ಎಂದ.

31 ಪ್ರತಿನಿಧಿಗಳು ಬರೆದ ಸಂವಿಧಾನ ಬಹುಮಟ್ಟಿಗೆ ಅವರದ್ದೇ. ಅಧ್ಯಕ್ಷ, ಸೆನೆಟ್, ಸುಪ್ರೀಂ ಕೋರ್ಟ್ ಎಂಬ ಚೌಕಟ್ಟು ಅಮೆರಿಕದಿಂದ ಬಂತು ನಿಜ. ಮಾದರಿ ಎರವಲು ತರುವುದು ಬೇರೆ, ಇನ್ನೊಬ್ಬರು ಹೇರುವುದು ಬೇರೆ. ವುಡ್ ಸ್ಥಳೀಯ ಚುನಾವಣೆಗಳಲ್ಲಿ ಓದು ಬಲ್ಲವರಿಗೆ, ಆಸ್ತಿ ಇದ್ದವರಿಗೆ, ವಿಮೋಚನಾ ಸೈನ್ಯದಲ್ಲಿ ಇದ್ದವರಿಗೆ ಮಾತ್ರ ಮತ ಕೊಟ್ಟಿದ್ದ. ಸಭೆ ಅದನ್ನು ಪಕ್ಕಕ್ಕಿಟ್ಟು ಎಲ್ಲ ವಯಸ್ಕ ಗಂಡಸರಿಗೂ ಮತ ಕೊಟ್ಟಿತು. ಇನ್ನೊಂದು ಸೊಗಸಾದ ವಿಧಿ ಇದೆ. ಅಧ್ಯಕ್ಷ ಹುಟ್ಟಿನಿಂದಲೇ ಕ್ಯೂಬನ್ ಆಗಿರಬೇಕು, ಇಲ್ಲವೇ ಪೌರತ್ವ ಪಡೆದು ಕ್ಯೂಬಾದ ಸ್ವಾತಂತ್ರ್ಯ ಯುದ್ಧಗಳಲ್ಲಿ ಕನಿಷ್ಠ ಹತ್ತು ವರ್ಷ ಹೋರಾಡಿರಬೇಕು. ಹೆಸರು ಹೇಳದಿದ್ದರೂ ಅದು ಸೇನಾಪತಿ ಮಾಕ್ಸಿಮೊ ಗೋಮೆಸ್ ಅವರಿಗಾಗಿಯೇ ಬರೆದದ್ದು. ಅವರು ಹುಟ್ಟಿದ್ದು ಡೊಮಿನಿಕನ್ ರಿಪಬ್ಲಿಕ್‌ನಲ್ಲಿ. ತಮ್ಮ ಮನುಷ್ಯ, ತಮ್ಮ ಯುದ್ಧ, ತಮ್ಮ ವಿಧಿ. 1901ರ ಫೆಬ್ರವರಿ 21ರಂದು ಸಹಿ ಬಿತ್ತು.

ಸೈನ್ಯದ ಖರ್ಚಿನ ಮಸೂದೆಗೆ ಅಂಟಿಕೊಂಡ ಎಂಟು ಷರತ್ತು

ಅತ್ತ ವಾಷಿಂಗ್ಟನ್‌ನಲ್ಲಿ ಯುದ್ಧ ಕಾರ್ಯದರ್ಶಿ (ನಮ್ಮಲ್ಲಿ ರಕ್ಷಣಾ ಮಂತ್ರಿ ಇದ್ದ ಹಾಗೆ) ಎಲಿಹು ರೂಟ್ ಅಷ್ಟರಲ್ಲಿ ಷರತ್ತುಗಳ ಪಟ್ಟಿ ಮಾಡಿಟ್ಟಿದ್ದ. ಕನೆಕ್ಟಿಕಟ್‌ನ ಸೆನೆಟರ್ ಆರ್ವಿಲ್ ಪ್ಲ್ಯಾಟ್ ಅದನ್ನು ಸೆನೆಟ್‌ಗೆ ತಂದ. ಬೇರೆಯೇ ಮಸೂದೆ ಅಂತ ತಂದಿದ್ದರೆ ಚರ್ಚೆ ಎಳೆಯುತ್ತಿತ್ತು. ಅದಕ್ಕೇ ಸೈನ್ಯದ ಖರ್ಚಿನ ಮಸೂದೆಗೆ ತಿದ್ದುಪಡಿಯಾಗಿ ಅಂಟಿಸಿದರು. ಸೈನ್ಯಕ್ಕೆ ಸಂಬಳ ಬೇಕಲ್ಲ, ಅದನ್ನು ಯಾರೂ ತಡೆಯುವುದಿಲ್ಲ. ಮಾರ್ಚ್ 2ರಂದು ಅಧ್ಯಕ್ಷ ಮೆಕಿನ್ಲೆ ಸಹಿ ಹಾಕಿದರು. ಇತಿಹಾಸದಲ್ಲಿ ಇದಕ್ಕೆ ಪ್ಲ್ಯಾಟ್ ತಿದ್ದುಪಡಿ ಎಂಬ ಹೆಸರು ಉಳಿಯಿತು.

ಕ್ಯೂಬಾ ತನ್ನ ಸಂವಿಧಾನದಲ್ಲೋ ಅದರ ಅನುಬಂಧದಲ್ಲೋ ಈ ಷರತ್ತುಗಳನ್ನು ಸೇರಿಸಿಕೊಂಡ ಮೇಲೆ ಮಾತ್ರ ಅಧ್ಯಕ್ಷರು ದ್ವೀಪವನ್ನು ಅದರ ಜನಕ್ಕೆ ಬಿಟ್ಟುಕೊಡಬಹುದು ಎಂದು ಕಾನೂನು ಹೇಳಿತು. ಟೆಲ್ಲರ್ ಕೊಟ್ಟ ಮಾತು ಹಾಗೇ ಇತ್ತು, ಅದಕ್ಕೊಂದು ಬೆಲೆ ಕಟ್ಟಿದರು ಅಷ್ಟೇ.

ಮೊದಲ ಎರಡು ಷರತ್ತು ನೋಡಲು ಸಾಧು. ಸ್ವಾತಂತ್ರ್ಯಕ್ಕೆ ಧಕ್ಕೆ ತರುವ ಒಪ್ಪಂದವನ್ನು ಬೇರೆ ದೇಶದ ಜೊತೆ ಮಾಡಿಕೊಳ್ಳಬಾರದು. ವರಮಾನ ಮೀರಿ ಸಾಲ ಮಾಡಬಾರದು. ನಾಲ್ಕನೆಯದು ಮಿಲಿಟರಿ ಆಡಳಿತ ಮಾಡಿದ್ದೆಲ್ಲ ಸರಿ ಎಂದು ಒಪ್ಪಿಸಿತು. ಐದನೆಯದು ಊರುಗಳ ನೈರ್ಮಲ್ಯದ್ದು. ಕ್ಯೂಬಾದಿಂದ ಹಳದಿ ಜ್ವರ ತಮ್ಮ ದಕ್ಷಿಣದ ಬಂದರುಗಳಿಗೆ ಬರುತ್ತದೆ ಎಂಬ ಭಯ ಅಮೆರಿಕಕ್ಕೆ ಇತ್ತು. ಆ ಜ್ವರ ಸೊಳ್ಳೆಯಿಂದ ಹರಡುತ್ತದೆ ಎಂದು ಮೊದಲು ಹೇಳಿದ್ದು ಕ್ಯೂಬಾದ್ದೇ ವೈದ್ಯ ಕಾರ್ಲೋಸ್ ಫಿನ್ಲೆ ಅನ್ನುವುದು ಬೇರೆ ಮಾತು. ಆರನೆಯದು ಪಿನೋಸ್ ದ್ವೀಪವನ್ನು ಕ್ಯೂಬಾದ ಗಡಿಯಿಂದಲೇ ಹೊರಗಿಟ್ಟಿತು. ಅದು ಯಾರದ್ದು ಅಂತ ಮುಂದೆ ನೋಡೋಣ ಅಂತ. ನೋಡಿದ್ದು 1925ರಲ್ಲಿ! ಏಳನೆಯದು ಕಲ್ಲಿದ್ದಲು ಮತ್ತು ನೌಕಾ ನೆಲೆಗಳಿಗೆ ಜಾಗ ಕೊಡಬೇಕು ಎಂದಿತು. ಎಂಟನೆಯದು, ಇದನ್ನೆಲ್ಲ ಕಾಯಂ ಒಪ್ಪಂದದಲ್ಲೂ ಬರೆಯಿರಿ ಎಂದಿತು.

ಪ್ರಾಣ ಇದ್ದದ್ದು ಮೂರನೆಯದರಲ್ಲಿ. ಕ್ಯೂಬಾದ ಸ್ವಾತಂತ್ರ್ಯ ಉಳಿಸಲು, ಜನರ ಪ್ರಾಣ, ಆಸ್ತಿ, ಸ್ವಾತಂತ್ರ್ಯ ಕಾಯುವ ಯೋಗ್ಯ ಸರ್ಕಾರ ಇರುವಂತೆ ನೋಡಿಕೊಳ್ಳಲು ಅಮೆರಿಕ ಮಧ್ಯಪ್ರವೇಶ ಮಾಡಬಹುದು. ಯೋಗ್ಯ ಸರ್ಕಾರ ಅಂದರೆ ಯಾವುದು? ತೀರ್ಮಾನ ಮಾಡುವುದು ಯಾರು? ಅದರ ಬಗ್ಗೆ ಒಂದು ಪದವೂ ಇಲ್ಲ.

ಮನೆಯ ಕೀಲಿಕೈ

ಸಭೆಯಲ್ಲಿ ಇದರ ವಿರುದ್ಧ ಗಟ್ಟಿಯಾಗಿ ನಿಂತವರು ಹ್ವಾನ್ ಗ್ವಾಲ್ಬೆರ್ತೊ ಗೋಮೆಸ್. ಗುಲಾಮ ತಂದೆ ತಾಯಿಗೆ ಹುಟ್ಟಿ, ಪತ್ರಕರ್ತರಾಗಿ ಬೆಳೆದು, ಸ್ವಾತಂತ್ರ್ಯ ಹೋರಾಟದ ನಾಯಕ ಹೊಸೆ ಮಾರ್ತಿಯ ಆಪ್ತರಾಗಿದ್ದವರು. ಮಾರ್ಚ್ ಕೊನೆಯಲ್ಲಿ ಅವರು ಸಭೆಗೆ ಕೊಟ್ಟ ವರದಿಯ ಒಂದು ಮಾತು ಕ್ಯೂಬಾದಲ್ಲಿ ಈಗಲೂ ಓಡಾಡುತ್ತದೆ. ನಮ್ಮ ಸ್ವಾತಂತ್ರ್ಯಕ್ಕೆ ಯಾವಾಗ ಅಪಾಯ ಬಂದಿದೆ ಎಂದು ತೀರ್ಮಾನಿಸುವ ಹಕ್ಕನ್ನು ಅವರಿಗೆ ಕೊಟ್ಟರೆ, ನಮ್ಮ ಮನೆಯ ಕೀಲಿಕೈಯನ್ನೇ ಕೊಟ್ಟ ಹಾಗೆ. ಹಗಲೋ ರಾತ್ರಿಯೋ, ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ, ಮನಸ್ಸು ಬಂದಾಗೆಲ್ಲ ಒಳಗೆ ಬರಬಹುದು.

ಏಪ್ರಿಲ್‌ನಲ್ಲಿ ಸಭೆಯ ನಿಯೋಗವೊಂದು ವಾಷಿಂಗ್ಟನ್‌ಗೆ ಹೋಯಿತು. ಅವರಿಗೆ ಎರಡು ವಿಷಯ ಬೇಕಿತ್ತು. ಮೂರನೆಯ ಷರತ್ತಿನ ಬಗ್ಗೆ ಸ್ಪಷ್ಟನೆ, ಸಕ್ಕರೆಯ ಸುಂಕದಲ್ಲಿ ರಿಯಾಯಿತಿ. ಯುದ್ಧದಲ್ಲಿ ಸುಟ್ಟುಹೋದ ಸಕ್ಕರೆ ಉದ್ಯಮ ಅಮೆರಿಕದ ಮಾರುಕಟ್ಟೆ ಇಲ್ಲದೆ ಮೇಲೇಳುವಂತಿರಲಿಲ್ಲ. ರೂಟ್ ಬಾಯಿ ಮಾತಿನಲ್ಲಿ ಬಹಳ ಉದಾರಿ. ಮಧ್ಯಪ್ರವೇಶ ಅಂದರೆ ನಿಮ್ಮ ದಿನನಿತ್ಯದ ಸರ್ಕಾರದಲ್ಲಿ ಕೈ ಹಾಕುವುದಲ್ಲ ಎಂದು ಭರವಸೆ ಕೊಟ್ಟ. ವ್ಯಾಪಾರದ ಮಾತು ಮಾತ್ರ ಸ್ವತಂತ್ರ ಸರ್ಕಾರ ಬಂದ ಮೇಲೆ ಅಂದ. ಅಂದರೆ, ಮೊದಲು ಇದಕ್ಕೆ ಒಪ್ಪಿ.

ಇಲ್ಲಿ ಸಭೆ ಮಾಡಿದ ಜಾಣತನ ನನಗೆ ಇಷ್ಟ. ಮೇ 28ರಂದು ಅವರು ಷರತ್ತುಗಳನ್ನು ಒಪ್ಪಿದರು, ಒಂದೇ ಒಂದು ಮತದ ಅಂತರದಲ್ಲಿ. ಆದರೆ ರೂಟ್ ಬಾಯಲ್ಲಿ ಹೇಳಿದ ಭರವಸೆಗಳನ್ನೇ ವಿವರಣೆಯಾಗಿ ಜೊತೆಗೆ ಬರೆದು ಸೇರಿಸಿದರು. ಮಾತು ನಿಜವಾದರೆ ಬರಹದಲ್ಲಿದ್ದರೆ ಏನು ತೊಂದರೆ? ರೂಟ್ ತಿರಸ್ಕರಿಸಿದ. ಇದು ಅಮೆರಿಕದ ಕಾಂಗ್ರೆಸ್ ಮಾಡಿದ ಕಾನೂನು, ಇದನ್ನು ಬದಲಿಸುವ ಅಧಿಕಾರ ಅಧ್ಯಕ್ಷರಿಗೇ ಇಲ್ಲ, ಇದ್ದದ್ದನ್ನು ಇದ್ದ ಹಾಗೆ ಒಪ್ಪಿದರೆ ಮಾತ್ರ ಸೈನ್ಯ ವಾಪಸ್ ಎಂದ. ಜೂನ್ 12ರ ಮತದಾನ ಬಂದದ್ದು ಹೀಗೆ.

ಪರ ಹಾಕಿದವರೆಲ್ಲ ಮಾರಿಕೊಂಡವರು ಅನ್ನುವಂತಿಲ್ಲ. ಮಾನ್ವೆಲ್ ಸಾಂಗಿಲಿಯಂಥ ಹಳೆಯ ಹೋರಾಟಗಾರರೂ ಕೊನೆಗೆ ಪರ ನಿಂತರು. ಅತ್ತ ದರಿ, ಇತ್ತ ಪುಲಿ. ಕೊನೆಯೇ ಇಲ್ಲದ ಮಿಲಿಟರಿ ಆಡಳಿತಕ್ಕಿಂತ ಕೈಕಟ್ಟಿದ ಗಣರಾಜ್ಯವಾದರೂ ಇರಲಿ ಎಂಬ ಲೆಕ್ಕ. ಗ್ವಾಲ್ಬೆರ್ತೊ ಗೋಮೆಸ್ ವಿರುದ್ಧ ಹಾಕಿದರು. ಆಲ್ಫ್ರೆದೊ ಸಾಯಾಸ್ ಎಂಬ ವಕೀಲರೂ ವಿರುದ್ಧ ಹಾಕಿದರು. ಈ ಹೆಸರು ನೆನಪಿಟ್ಟುಕೊಳ್ಳಿ.

ವುಡ್‌ಗೆ ಇದೆಲ್ಲ ಚೆನ್ನಾಗಿ ಗೊತ್ತಿತ್ತು. ಅದೇ ಅಕ್ಟೋಬರ್‌ನಲ್ಲಿ, ಆಗಷ್ಟೇ ಅಧ್ಯಕ್ಷರಾಗಿದ್ದ ಥಿಯೋಡರ್ ರೂಸ್ವೆಲ್ಟ್‌ಗೆ ಬರೆದ ಪತ್ರದಲ್ಲಿ, ಪ್ಲ್ಯಾಟ್ ತಿದ್ದುಪಡಿ ಆದ ಮೇಲೆ ಕ್ಯೂಬಾಕ್ಕೆ ಉಳಿದಿರುವ ಸ್ವಾತಂತ್ರ್ಯ ಕಡಿಮೆ, ಅಥವಾ ಇಲ್ಲವೇ ಇಲ್ಲ ಎಂದು ಯಾವ ಮುಚ್ಚುಮರೆಯೂ ಇಲ್ಲದೆ ಹೇಳಿದ.

1902ರ ಮೇ 20ರಂದು ಸೈನ್ಯ ಹೊರಟಿತು, ತೋಮಾಸ್ ಎಸ್ತ್ರಾದ ಪಾಲ್ಮ ಅಧ್ಯಕ್ಷರಾದರು. 1903ರಲ್ಲಿ ಅದೇ ಷರತ್ತುಗಳು ಕಾಯಂ ಒಪ್ಪಂದವೂ ಆದವು. ಹೀಗೆ ಬೀಗ ಮೂರು ಕಡೆ ಬಿತ್ತು: ಅಮೆರಿಕದ ಕಾನೂನು, ಕ್ಯೂಬಾದ ಸಂವಿಧಾನ, ಎರಡೂ ದೇಶಗಳ ಒಪ್ಪಂದ. ಕ್ಯೂಬನ್ನರು ತಮ್ಮ ಸಂವಿಧಾನವನ್ನು ತಿದ್ದಿಕೊಂಡರೂ ಉಳಿದೆರಡು ಹಾಗೇ ಇರುತ್ತಿದ್ದವು.

1906: ಷರತ್ತು ನಿಜವಾಗಿ ಕೆಲಸ ಮಾಡಿದ ರೀತಿ

1901ರಲ್ಲೇ ಅಮೆರಿಕದ ಸೆನೆಟ್‌ನಲ್ಲಿ ಜೋಸೆಫ್ ಫೋರೇಕರ್ ಎಂಬ ಸದಸ್ಯ ಒಂದು ಎಚ್ಚರಿಕೆ ಕೊಟ್ಟಿದ್ದ. ಚುನಾವಣೆ ಅಂದ ಮೇಲೆ ಒಂದು ಪಕ್ಷ ಸೋಲುತ್ತದೆ. ಇಂಥ ಷರತ್ತು ಇದ್ದರೆ, ಸೋತವರು ಗಲಾಟೆ ಎಬ್ಬಿಸಿದರೆ ಸಾಕು, ಅಮೆರಿಕ ಬಂದು ಗೆದ್ದವರನ್ನು ಇಳಿಸುತ್ತದೆ ಎಂಬ ಆಸೆ ಹುಟ್ಟುತ್ತದೆ ಅಂತ. ಆತನ ಮಾತು ನಿಜವಾಗಲು ಐದು ವರ್ಷ ಸಾಕಾಯಿತು.

1905ರಲ್ಲಿ ಎಸ್ತ್ರಾದ ಪಾಲ್ಮ ಮರು ಆಯ್ಕೆಗೆ ನಿಂತರು. ಚುನಾವಣೆಯಲ್ಲಿ ಮೋಸ ನಡೆಯುತ್ತಿದೆ ಎಂದು ಲಿಬರಲ್ ಪಕ್ಷ ಹಿಂದೆ ಸರಿಯಿತು. 1906ರ ಆಗಸ್ಟ್‌ನಲ್ಲಿ ಬಂಡೆದ್ದಿತು. ಬಂಡಾಯಗಾರರಿಗೆ ಸೈನ್ಯವನ್ನು ಸೋಲಿಸಬೇಕು ಎಂದೇನಿರಲಿಲ್ಲ. ವಿದೇಶಿಯರ ತೋಟ, ರೈಲು ಅಪಾಯದಲ್ಲಿವೆ ಎಂದು ವಾಷಿಂಗ್ಟನ್‌ಗೆ ಅನ್ನಿಸಿದರೆ ಸಾಕಿತ್ತು. ಅಧ್ಯಕ್ಷರ ಲೆಕ್ಕವೂ ಅದೇ. ಎದುರಾಳಿಗಳ ಜೊತೆ ರಾಜಿಗೆ ಕೂರುವ ಬದಲು ಅಮೆರಿಕದ ಕಾನ್ಸಲ್ ಮೂಲಕ ಗುಟ್ಟಾಗಿ ಯುದ್ಧನೌಕೆ ಕೇಳಿದರು. ಎರಡೂ ಕಡೆಯವರು ಒಂದೇ ಷರತ್ತನ್ನು ಹಿಡಿದು ಎಳೆಯುತ್ತಿದ್ದರು!

ತಮಾಷೆ ಏನೆಂದರೆ ರೂಸ್ವೆಲ್ಟ್‌ಗೆ ಬರಲು ಇಷ್ಟವೇ ಇರಲಿಲ್ಲ. ಆ ದರಿದ್ರ ಪುಟ್ಟ ಗಣರಾಜ್ಯದ ಜನರನ್ನೇ ಭೂಮಿಯ ಮೇಲಿಂದ ಒರೆಸಿಹಾಕುವಷ್ಟು ಸಿಟ್ಟು ಬಂದಿದೆ ಎಂದು ಒಂದು ಪತ್ರದಲ್ಲಿ ಕೂಗಾಡಿದ್ದಾರೆ. ಯುದ್ಧ ಕಾರ್ಯದರ್ಶಿ ಟಾಫ್ಟ್‌ರನ್ನು ರಾಜಿ ಮಾಡಿಸಲು ಕಳಿಸಿದರು. ಎಸ್ತ್ರಾದ ಪಾಲ್ಮ ರಾಜಿಗೆ ಬಗ್ಗಲಿಲ್ಲ. ಸೆಪ್ಟೆಂಬರ್ 28ರಂದು ರಾಜೀನಾಮೆ ಕೊಟ್ಟರು, ಅವರ ಜೊತೆ ಉಪಾಧ್ಯಕ್ಷ, ಸಂಪುಟ ಎಲ್ಲ ಹೊರಟಿತು. ಹೊಸಬರನ್ನು ಆರಿಸಲು ಕ್ಯೂಬಾದ ಕಾಂಗ್ರೆಸ್‌ನಲ್ಲಿ ಕೋರಂ ಕೂಡ ಆಗಲಿಲ್ಲ. ದೇಶಕ್ಕೆ ಸರ್ಕಾರವೇ ಇಲ್ಲ ಅನ್ನುವ ಸ್ಥಿತಿಯನ್ನು ಬೇಕೆಂದೇ ತಂದಿಟ್ಟರು. ಮರುದಿನ ಟಾಫ್ಟ್ ತಾತ್ಕಾಲಿಕ ಸರ್ಕಾರ ಘೋಷಿಸಿದರು. ಕ್ಯೂಬಾದ ಬಾವುಟವೇ ಹಾರುತ್ತದೆ, ಕ್ಯೂಬಾದ ಸಂವಿಧಾನದ ಅಡಿಯಲ್ಲೇ ಇದು ನಡೆಯುತ್ತದೆ ಎಂದರು. ಅದು ಸುಳ್ಳಲ್ಲ, ಅನುಬಂಧ ಇತ್ತಲ್ಲ! ಎರಡು ವಾರದ ನಂತರ ಅಮೆರಿಕದ ಚಾರ್ಲ್ಸ್ ಮಗೂನ್ ಗವರ್ನರ್ ಆಗಿ ಬಂದ. 1909ರ ಜನವರಿಯವರೆಗೆ ಅವನದ್ದೇ ಆಡಳಿತ.

ಈ ಪ್ರಕರಣದ ತಿರುಳು ಇಲ್ಲಿದೆ ಅಂತ ನನ್ನ ಅಭಿಪ್ರಾಯ. ಸಂವಿಧಾನದ ಕೆಲಸ ಏನು? ಜಗಳ ಬಂದಾಗ ಒಳಗೇ ಮುಗಿಸಿಕೊಳ್ಳುವ ದಾರಿ ಕೊಡುವುದು. ನ್ಯಾಯಾಲಯ, ಸಂಸತ್ತು, ಮುಂದಿನ ಚುನಾವಣೆ ಇವೆಲ್ಲ ಅದಕ್ಕೇ ಇರುವುದು. ಕ್ಯೂಬಾದ ಸಂವಿಧಾನದಲ್ಲೂ ಇವೆಲ್ಲ ಇದ್ದವು, ಚೆನ್ನಾಗಿಯೇ ಬರೆದಿದ್ದರು. ಆದರೆ ಅದೇ ಸಂವಿಧಾನದ ಕೊನೆಯಲ್ಲಿ ಹೊರಗಿನ ನ್ಯಾಯಪಂಚಾಯಿತಿಗೊಂದು ಬಾಗಿಲು ಇತ್ತು. ಎದುರಾಳಿಯನ್ನು ಒಪ್ಪಿಸುವುದಕ್ಕಿಂತ ವಾಷಿಂಗ್ಟನ್ನನ್ನು ಒಪ್ಪಿಸುವುದು ಸುಲಭ ಅಂತಾದರೆ ರಾಜಕಾರಣಿ ಯಾವುದನ್ನು ಮಾಡುತ್ತಾನೆ? ಕ್ಯೂಬನ್ನರಿಗೆ ಸ್ವಂತ ಆಡಳಿತ ನಡೆಸಲು ಬರುವುದಿಲ್ಲ ಎಂದು ಆಗ ಅಮೆರಿಕದ ಪತ್ರಿಕೆಗಳು ಬರೆದವು. ಬರದ ಹಾಗೆ ಮಾಡಿದ ಷರತ್ತನ್ನು ಅವೇ ನ್ಯಾಯ ಅಂತಲೂ ಬರೆದವು.

ಮುಂದಿನದ್ದನ್ನು ಬೇಗ ಹೇಳಿಬಿಡುತ್ತೇನೆ. 1912ರಲ್ಲಿ ಮತ್ತು 1917ರಲ್ಲಿ ಮತ್ತೆ ಅಮೆರಿಕದ ಪಡೆಗಳು ಇಳಿದವು. 1921ರ ಜನವರಿಯಲ್ಲಿ ಅಮೆರಿಕದ ಜನರಲ್ ಎನಾಕ್ ಕ್ರೌಡರ್ ಮಿನ್ನೆಸೋಟ ಎಂಬ ಯುದ್ಧನೌಕೆಯಲ್ಲಿ ಹವಾನಾಕ್ಕೆ ಬಂದ. ಹೊಸ ಅಧ್ಯಕ್ಷರ ಸಂಪುಟದಲ್ಲಿ ಯಾರಿರಬೇಕು ಅನ್ನುವವರೆಗೂ ಅವನ ಮಾತು ನಡೆಯಿತು. ಆ ಅಧ್ಯಕ್ಷ ಯಾರು? ಆಲ್ಫ್ರೆದೊ ಸಾಯಾಸ್. 1901ರಲ್ಲಿ ವಿರುದ್ಧ ಮತ ಹಾಕಿದ್ದ ಅದೇ ವಕೀಲರು. ಇಪ್ಪತ್ತು ವರ್ಷದಲ್ಲಿ ಅವರೂ ಪಳಗಿದ್ದರು. 1923ರಲ್ಲಿ ಮಾರ್ಗನ್ ಬ್ಯಾಂಕಿನಿಂದ 5 ಕೋಟಿ ಡಾಲರ್ ಸಾಲ ಕೈಗೆ ಬರುವವರೆಗೆ ಕ್ರೌಡರ್ ಹೇಳಿದ ಮಂತ್ರಿಗಳನ್ನು ಇಟ್ಟುಕೊಂಡು, ಬಂದ ಮೇಲೆ ಮನೆಗೆ ಕಳಿಸಿದರು.

ಹೋದದ್ದು, ಹೋಗದೆ ಉಳಿದದ್ದು

1933ರ ಆಗಸ್ಟ್‌ನಲ್ಲಿ ಕ್ಯೂಬಾದ ಸರ್ವಾಧಿಕಾರಿ ಮಚಾದೊ ಬಿದ್ದ. ಸೆಪ್ಟೆಂಬರ್‌ನಲ್ಲಿ ರಮೋನ್ ಗ್ರಾವ್ ಸಾನ್ ಮಾರ್ತಿನ್ ಅಧ್ಯಕ್ಷರಾದರು. ಪ್ಲ್ಯಾಟ್ ತಿದ್ದುಪಡಿ ಹೊತ್ತ ಆ ಸಂವಿಧಾನದ ಮೇಲೆ ಪ್ರಮಾಣ ಮಾಡಲು ಅವರು ಒಪ್ಪಲಿಲ್ಲ. ತಿದ್ದುಪಡಿಯನ್ನೇ ರದ್ದು ಎಂದು ಸಾರಿದರು. ಅಮೆರಿಕ ಸೈನ್ಯ ಇಳಿಸಲಿಲ್ಲ. ದ್ವೀಪದ ಸುತ್ತ ಯುದ್ಧನೌಕೆ ನಿಲ್ಲಿಸಿ, ಸರ್ಕಾರಕ್ಕೆ ಮಾನ್ಯತೆ ಕೊಡದೆ ಸುಮ್ಮನೆ ಕೂತಿತು. ಅಷ್ಟೇ ಸಾಕಾಯಿತು. ನಾಲ್ಕು ತಿಂಗಳಲ್ಲಿ ಆ ಸರ್ಕಾರ ಹೋಯಿತು. ಅಂದರೆ ಷರತ್ತಿನ ಕೆಲಸವನ್ನು ಷರತ್ತು ಇಲ್ಲದೆಯೇ ಮಾಡಬಹುದು ಎಂದು ವಾಷಿಂಗ್ಟನ್‌ಗೆ ಗೊತ್ತಾಗಿತ್ತು. 1934ರ ಮೇ 29ರಂದು ಹೊಸ ಒಪ್ಪಂದದಲ್ಲಿ ಪ್ಲ್ಯಾಟ್ ತಿದ್ದುಪಡಿ ರದ್ದಾಯಿತು.

ಆಗಿನ ಅಮೆರಿಕದ ಅಧ್ಯಕ್ಷ ಫ್ರ್ಯಾಂಕ್ಲಿನ್ ರೂಸ್ವೆಲ್ಟ್. ಇದೇ ಮನುಷ್ಯ 1920ರ ಚುನಾವಣಾ ಭಾಷಣದಲ್ಲಿ ಹೈಟಿಯ ಸಂವಿಧಾನವನ್ನು ತಾನೇ ಬರೆದೆ, ಚೆನ್ನಾಗಿಯೇ ಇದೆ ಎಂದು ಜಂಬ ಕೊಚ್ಚಿಕೊಂಡಿದ್ದರು. ಹೈಟಿ ಅಮೆರಿಕದ ಸೈನ್ಯದ ಹಿಡಿತದಲ್ಲಿದ್ದಾಗ ಬಂದ 1918ರ ಆ ಸಂವಿಧಾನ ವಿದೇಶಿಯರಿಗೆ ಹೈಟಿಯಲ್ಲಿ ಭೂಮಿ ಕೊಳ್ಳುವ ಹಕ್ಕು ಕೊಟ್ಟಿತ್ತು. ಮತ್ತೆ ಅದೇ ಪ್ರಶ್ನೆ, ಯಾರಿಗೆ ಏನು ಸಿಕ್ಕಿತು?

ಜಪಾನಿನಲ್ಲೂ ಸೈನ್ಯ ಇತ್ತು, ಒತ್ತಡ ಇತ್ತು. ಆದರೆ ಅಲ್ಲಿನ ಕರಡಿನಿಂದ ಅಧಿಕಾರ ಹೋದದ್ದು ಚಕ್ರವರ್ತಿಯಿಂದ ಜಪಾನಿನ ಮತದಾರರಿಗೆ. ಹೆಂಗಸರಿಗೆ ಸಮಾನ ಹಕ್ಕು ಬಂತು. ಯುದ್ಧ ಮಾಡುವುದನ್ನೇ ಬಿಟ್ಟುಕೊಡುವ ಒಂಬತ್ತನೆಯ ವಿಧಿ ದೇಶದ ಕೈ ಕಟ್ಟಿತು ನಿಜ, ಆದರೆ ಅದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು ಅನ್ನುವುದು ಜಪಾನಿನ ಸರ್ಕಾರ, ನ್ಯಾಯಾಲಯಗಳಿಗೇ ಉಳಿಯಿತು. ಆ ವಿಧಿಯನ್ನು ಉಳಿಸಿ ಎಂದು ಜಪಾನಿಗಳೇ ಬೀದಿಗಿಳಿದದ್ದೂ ಉಂಟು. ಪ್ಲ್ಯಾಟ್ ತಿದ್ದುಪಡಿ ಉಳಿಸಿ ಎಂದು ಕ್ಯೂಬನ್ನರು ಮೆರವಣಿಗೆ ಮಾಡುವುದನ್ನು ಊಹಿಸಲೂ ಆಗುವುದಿಲ್ಲ ಅಲ್ವಾ? ಬೋಸ್ನಿಯಾ ಇವೆರಡರ ಮಧ್ಯೆ ಎಲ್ಲೋ ನಿಲ್ಲುತ್ತದೆ. ಅದರ ಸಂವಿಧಾನ ಅಲ್ಲಿನ ಯುದ್ಧ ಮುಗಿಸಿದ 1995ರ ಡೇಟನ್ ಶಾಂತಿ ಒಪ್ಪಂದದ ನಾಲ್ಕನೆಯ ಅನುಬಂಧ. ಒಂಬತ್ತು ಜನರ ಸಂವಿಧಾನ ನ್ಯಾಯಾಲಯದಲ್ಲಿ ಮೂವರು ವಿದೇಶಿ ನ್ಯಾಯಾಧೀಶರು. ಯುದ್ಧ ನಿಂತಿತು, ಅದು ಸಣ್ಣ ಲಾಭವಲ್ಲ. ಆದರೆ ಕಾನೂನು ಹೇರುವ, ಚುನಾಯಿತರನ್ನು ವಜಾ ಮಾಡುವ ಅಧಿಕಾರ ಇರುವ ಅಂತಾರಾಷ್ಟ್ರೀಯ ಪ್ರತಿನಿಧಿಯೊಬ್ಬ ಮೇಲೆ ಕೂತಿರುವಾಗ, ಕಷ್ಟದ ತೀರ್ಮಾನವನ್ನು ಅವನೇ ತೆಗೆದುಕೊಳ್ಳಲಿ ಎಂದು ಅಲ್ಲಿನ ಪಕ್ಷಗಳು ಕೈಕಟ್ಟಿ ಕೂರುವುದು 1906ರ ಹವಾನಾವನ್ನು ನೆನಪಿಸುತ್ತದೆ.

ಕ್ಯೂಬನ್ನರು 1940ರಲ್ಲಿ ಹೊಸ ಸಂವಿಧಾನ ಬರೆದುಕೊಂಡರು. ಸಹಿ ಹಾಕಲು ಬೇಕೆಂದೇ ಗ್ವಾಯಿಮಾರೊ ಎಂಬ ಊರಿಗೆ ಹೋದರು. 1869ರಲ್ಲಿ ಬಂಡಾಯದ ಮಧ್ಯೆ ಅವರ ಮೊದಲ ಸಂವಿಧಾನ ಹುಟ್ಟಿದ್ದು ಅಲ್ಲಿ. ಈ ಸಲ ಅನುಬಂಧ ಇರಲಿಲ್ಲ.

ನೌಕಾ ನೆಲೆಗೆ ಜಾಗ ಕೇಳಿದ ಏಳನೆಯ ಷರತ್ತು ಮಾತ್ರ ಬೇರೆ ದಾರಿಯಲ್ಲಿ ಬದುಕಿಕೊಂಡಿತು. ಅದರ ಮೇಲೆ 1903ರಲ್ಲಿ ಗ್ವಾಂತಾನಮೊ ಕೊಲ್ಲಿಯನ್ನು ಅಮೆರಿಕಕ್ಕೆ ವರ್ಷಕ್ಕೆ 2,000 ಡಾಲರ್ ಚಿನ್ನದ ಬಾಡಿಗೆಗೆ ಕೊಟ್ಟಿದ್ದರು. 1934ರ ಒಪ್ಪಂದ ಉಳಿದ ಷರತ್ತುಗಳನ್ನು ಅಳಿಸಿದರೂ ಆ ಬಾಡಿಗೆ ಕರಾರನ್ನು ಮುಂದುವರಿಸಿತು. ಎರಡೂ ದೇಶ ಒಪ್ಪಬೇಕು, ಇಲ್ಲವೇ ಅಮೆರಿಕ ತಾನಾಗಿ ಜಾಗ ಬಿಡಬೇಕು, ಅಲ್ಲಿಯವರೆಗೆ ಕರಾರು ಮುಗಿಯುವುದಿಲ್ಲ. 1959ರ ಕ್ರಾಂತಿಯ ನಂತರವೂ ಬಾಡಿಗೆಯ ಚೆಕ್ ವರ್ಷ ವರ್ಷವೂ ಬರುತ್ತಿತ್ತು, ಮುಂದೆ ಅದರ ಮೊತ್ತ 4,085 ಡಾಲರಿಗೆ ಏರಿತು. ಮೊದಲನೆಯದೊಂದನ್ನು ಬಿಟ್ಟರೆ ಮತ್ಯಾವುದನ್ನೂ ಕ್ಯೂಬಾ ನಗದು ಮಾಡಿಸಿಕೊಳ್ಳಲಿಲ್ಲ. ಆ ಒಂದು ಚೆಕ್ ನಗದಾದದ್ದು ಗಡಿಬಿಡಿಯಲ್ಲಿ ಆದ ತಪ್ಪು ಎಂದು ಫಿಡೆಲ್ ಕ್ಯಾಸ್ಟ್ರೊ ಹೇಳಿದರು, ಒಪ್ಪಿಗೆಗೆ ಅದೇ ಸಾಕ್ಷಿ ಎಂದು ಅಮೆರಿಕ ಹೇಳಿತು.